ಕಾರ್ಡಿನ ಮೇಲೊಂದು ಸಹಿ

ಕೂಡಿಡುವ ಹುಚ್ಚಿರುವ ಮಕ್ಕಳಿಗೆ ಉಡುಗೊರೆ ಕೊಡುವುದು ಸುಲಭ ಅಂತ ಎಲ್ಲರೂ ತಿಳಿದಿರುತ್ತಾರೆ. ಅಂಚೆಚೀಟಿಯ ಹುಚ್ಚಿದ್ದರೆ ಅಂಚೆಚೀಟಿ, ನಾಣ್ಯದ ಹುಚ್ಚಿದ್ದರೆ ನಾಣ್ಯ, ಅಲ್ಲಿಗೆ ಮುಗಿಯಿತು ಅಂತ. ಆದರೆ ಆ ಮಕ್ಕಳು ತಮ್ಮ ವಿಷಯದಲ್ಲಿ ನಮಗಿಂತ ಬಲ್ಲವರು. ಯಾವುದು ಅಪರೂಪ, ಯಾವುದು ಬೀದಿಗೆ ಬಿದ್ದದ್ದು ಅನ್ನುವುದು ಅವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅವರ ಕೈಗೆ ಏನನ್ನಾದರೂ ಇಡುವ ಮುನ್ನ ನಾವೂ ಸ್ವಲ್ಪ ಓದಿಕೊಳ್ಳಬೇಕು.

ಹರಿಹರದಲ್ಲಿರುವ ನನ್ನ ತಮ್ಮನ ಮಗಳು ಆರನೇ ಕ್ಲಾಸು. ಕ್ರಿಕೆಟ್ ಕಾರ್ಡು ಕೂಡಿಡುತ್ತಾಳೆ. ಟಾಪ್ಸ್ ಕಂಪನಿಯ ಕ್ರಿಕೆಟ್ ಅಟ್ಯಾಕ್ಸ್ ಪ್ಯಾಕೆಟ್ಟು ಒಡೆದು, ಪುಟಕ್ಕೆ ಒಂಬತ್ತು ಜೇಬಿರುವ ಪ್ಲಾಸ್ಟಿಕ್ ಹಾಳೆಯಲ್ಲಿ ತಂಡವಾರು ಜೋಡಿಸಿದ್ದಾಳೆ. ಡಬಲ್ ಬಂದವನ್ನು ಗೆಳತಿಯರ ಜೊತೆ ಅದಲುಬದಲು ಮಾಡಿಕೊಳ್ಳುತ್ತಾಳೆ. ಬಿಗ್ ಫನ್ ಬಬಲ್‌ಗಮ್ಮಿನ ಒಳಗೆ ಬರುತ್ತಿದ್ದ ಆಟಗಾರರ ಚೀಟಿಗಾಗಿ ಗಮ್ಮು ಅಗಿದ ನಮ್ಮ ತಲೆಮಾರಿಗೆ ಈ ಸಂಭ್ರಮ ಹೊಸದೇನಲ್ಲ. ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಕೇಳಿದೆ. ಫೈಲು ತಿರುವಿ ಹಾಕುತ್ತಲೇ ಅಂದಳು: “ದೊಡ್ಡಪ್ಪ, ಸೈನ್ ಇರೋ ಕಾರ್ಡು ಒಂದೂ ಇಲ್ಲ ನನ್ನ ಹತ್ರ.”

ದಾವಣಗೆರೆಯ ಮಂಡಿಪೇಟೆ, ಅಶೋಕ ರಸ್ತೆ, ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದೆ. ಪ್ಯಾಕೆಟ್ಟುಗಳಿದ್ದವು, ಸಹಿಯ ಕಾರ್ಡು ಎಲ್ಲೂ ಇರಲಿಲ್ಲ. ಒಬ್ಬ ಅಂಗಡಿಯವರು ಮಾತ್ರ ಡ್ರಾಯರಿನಿಂದ ಒಂದನ್ನು ತೆಗೆದರು. ಹೊಳಪಿನ ಕಾರ್ಡು, ಎದೆಯ ಮೇಲೆ ಕಪ್ಪು ಬಣ್ಣದ ಸೊಗಸಾದ ಸಹಿ. ಪಕ್ಕದಲ್ಲೇ ಗಡಿಯಾರ ರಿಪೇರಿಯ ಹಿರಿಯರೊಬ್ಬರು ಕೂತಿದ್ದರು. ಕೇಳಿದ ಕೂಡಲೇ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಬಿಚ್ಚಿ ಕೊಟ್ಟರು. ಅದರಲ್ಲಿ ನೋಡಿದರೆ ಸಹಿಯ ಗೆರೆ ಗೆರೆಯಾಗಿರಲಿಲ್ಲ, ಸಣ್ಣ ಸಣ್ಣ ಚುಕ್ಕೆಗಳ ಸಾಲಾಗಿತ್ತು. ಆಟಗಾರನ ಅಂಗಿಯ ಬಣ್ಣವೂ ಅಂಥದ್ದೇ ಚುಕ್ಕೆಗಳಿಂದ ಆಗಿತ್ತು. ಸಹಿಯೂ ಚಿತ್ರದ ಜೊತೆಗೇ ಅಚ್ಚಾಗಿ ಬಂದದ್ದು. ಅಂಗಡಿಯವರೂ ಕಣ್ಣಿಟ್ಟು ನೋಡಿ, “ನನಗೂ ಇದು ಗೊತ್ತಿರ್ಲಿಲ್ಲ ನೋಡ್ರಿ” ಅಂದು ಒಳಗಿಟ್ಟರು.

ಕೈಯಿಂದ ಹಾಕಿದ ಸಹಿಯ ಚಹರೆಯೇ ಬೇರೆ. ಶಾಯಿ ಅಚ್ಚಿನ ಮೇಲೆ ಕೂತಿರುತ್ತದೆ. ಕಾರ್ಡನ್ನು ಬೆಳಕಿಗೆ ಓರೆ ಹಿಡಿದರೆ ಆ ಗೆರೆಯಷ್ಟೇ ಬೇರೆಯಾಗಿ ಮಿನುಗುತ್ತದೆ. ಬಾಲ್‌ಪೆನ್ನಾದರೆ ಒತ್ತಿದ ಗುರುತು ಬೆರಳಿಗೆ ಸಿಗುತ್ತದೆ. ಶುರುವಿನಲ್ಲಿ ಒತ್ತು, ತಿರುವಿನಲ್ಲಿ ವೇಗ, ಕೊನೆಯಲ್ಲಿ ಎತ್ತಿದ ಎಳೆ, ಇವೆಲ್ಲ ಕಾಣುತ್ತವೆ. ತಡವರಿಸುತ್ತ ನಿಧಾನಕ್ಕೆ ನಕಲು ಮಾಡಿದ್ದು ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ.

ಆದರೆ ಶಾಯಿ ಅಸಲಿ ಆದ ಮಾತ್ರಕ್ಕೆ ಕೈ ಅಸಲಿ ಆಗುವುದಿಲ್ಲ. ಈ ಕಾರ್ಡುಗಳ ತವರು ಅಮೆರಿಕ. ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ 1909ರ ಸುಮಾರಿನ ಕಾರ್ಡು ಇವತ್ತಿಗೂ ಸಂಗ್ರಾಹಕರ ಕನಸು. 1952ರಲ್ಲಿ ಟಾಪ್ಸ್ ತಂದ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಆಟಗಾರನೇ ಸಹಿ ಹಾಕಿದ ಕಾರ್ಡನ್ನು ಪ್ಯಾಕೆಟ್ಟಿನೊಳಗೆ ಬಚ್ಚಿಟ್ಟು ಮಾರುವ ಪದ್ಧತಿಗೆ 1990ರಲ್ಲಿ ಅಪ್ಪರ್ ಡೆಕ್ ಕಂಪನಿ ನಾಂದಿ ಹಾಡಿತು. ರೆಜ್ಜಿ ಜಾಕ್ಸನ್ ಸಹಿಯ 2,500 ಕಾರ್ಡುಗಳನ್ನು ಅದು ಹಂಚಿತ್ತು. ಹಣ ಹರಿದಲ್ಲಿಗೆ ನಕಲಿಯೂ ಹರಿಯಿತು. 90ರ ದಶಕದ ಕೊನೆಗೆ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ನಡೆಸಿ ನಕಲಿ ಸಹಿಗಳ ದೊಡ್ಡ ಜಾಲವನ್ನೇ ಹಿಡಿಯಿತು. ಆಗ ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿ ಹಾಕಿದ್ದೆಂದು ಹೇಳುವ ಬೇಸ್‌ಬಾಲ್ ಚೆಂಡುಗಳೂ ಇದ್ದವು! ಅಸಲಿ ಅನ್ನುವ ಸರ್ಟಿಫಿಕೇಟುಗಳನ್ನೂ ಇಂಥವರು ಅಚ್ಚು ಹಾಕಿಸುತ್ತಾರೆ. ಹಾಗಾಗಿ ಕೊಳ್ಳುವುದಾದರೆ ಕಾರ್ಡು ತಯಾರಿಸಿದ ಕಂಪನಿಯೇ ಪ್ಯಾಕೆಟ್ಟಿನಲ್ಲಿಟ್ಟ, ಸಹಿ ಅಸಲಿ ಎಂದು ಹಿಂದೆಯೇ ಬರೆದ ಕಾರ್ಡನ್ನು ಕೊಳ್ಳಬೇಕು. ತೀರಿಹೋದ, ಇನ್ನು ಭೇಟಿಯಾಗಲು ಸಾಧ್ಯವೇ ಇಲ್ಲದ ಆಟಗಾರರ ಮಟ್ಟಿಗೆ ಕೊಳ್ಳುವುದೊಂದೇ ದಾರಿ.

ಬದುಕಿರುವವರ, ಅದರಲ್ಲೂ ನಮ್ಮವರ ಮಾತು ಬೇರೆ. ದಾವಣಗೆರೆಯಲ್ಲಿ ಹುಟ್ಟಿ ‘ದಾವಣಗೆರೆ ಎಕ್ಸ್‌ಪ್ರೆಸ್’ ಅನ್ನಿಸಿಕೊಂಡ ಆರ್. ವಿನಯ್ ಕುಮಾರ್ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಗೆದ್ದ ಕರ್ನಾಟಕದ ನಾಯಕ. 2015ರ ಮಾರ್ಚಿನಲ್ಲಿ ವಾಂಖೆಡೆಯ ಫೈನಲ್ಲಿನಲ್ಲಿ 34 ರನ್ನಿಗೆ 5 ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಮಲಗಿಸಿದರು. ಕರುಣ್ ನಾಯರ್ 328 ಹೊಡೆದ ಆ ಇನಿಂಗ್ಸಿನಲ್ಲಿ ತಾವೂ ಔಟಾಗದೆ 105 ಹೊಡೆದರು. ಇಷ್ಟನ್ನು ಹುಡುಗಿಗೆ ಹೇಳಿದೆ. ಬೆಂಗಳೂರು, ಮುಂಬೈಯವರೇ ತುಂಬಿದ್ದ ಅವಳ ಫೈಲಿನಲ್ಲಿ ತನ್ನ ಜಿಲ್ಲೆಗೂ ಒಂದು ಪುಟ ಇರಬೇಕು ಅಂತ ಅವಳಿಗೆ ಅನ್ನಿಸಿದ್ದು ಆಗಲೇ. ಸಹಿಯ ನಿಜವಾದ ಬೆಲೆ ಇರುವುದು ಇಲ್ಲಿ: ಆ ಆಟವನ್ನು ಬಲ್ಲ ಮಗು, ಆಡಿದವರ ಎದುರು ನಿಂತು ಕೇಳಿ ಪಡೆದದ್ದರಲ್ಲಿ. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಡ, ಮಗುವೇ ಸಾಕ್ಷಿ.

ಅದಕ್ಕೇ ನಾನು ಕೊಟ್ಟದ್ದು ಸಹಿಯನ್ನಲ್ಲ, ಸಹಿ ಪಡೆಯುವ ಸಲಕರಣೆಯನ್ನು. ಕಪ್ಪು, ನೀಲಿ ಪರ್ಮನೆಂಟ್ ಮಾರ್ಕರುಗಳು, ಯಾಕೆಂದರೆ ಹೊಳಪಿನ ಕಾರ್ಡಿನ ಮೇಲೆ ಬಾಲ್‌ಪೆನ್ನು ಜಾರುತ್ತದೆ. ಪಿವಿಸಿ ಅಲ್ಲದ ಪಾಲಿಪ್ರೊಪಿಲೀನ್ ಹಾಳೆಗಳು, ಯಾಕೆಂದರೆ ಪಿವಿಸಿ ವರ್ಷಗಳು ಕಳೆದಂತೆ ಕಾರ್ಡನ್ನು ಹಾಳುಮಾಡುತ್ತದೆ. ಜೊತೆಗೆ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದಕ್ಕೆ ಕತ್ತರಿಸಿದ ಬಿಳಿ ರಟ್ಟಿನ ಖಾಲಿ ಕಾರ್ಡುಗಳು. ಶಾಯಿ ಒಣಗುವವರೆಗೆ ಜೇಬಿಗೆ ಹಾಕಬಾರದು, ಬಿಸಿಲಿಗೆ ಇಡಬಾರದು, ಯಾರು, ಎಲ್ಲಿ, ಯಾವತ್ತು ಅಂತ ಹಿಂದೆ ಬರೆಯಬೇಕು ಅಂತ ಹೇಳಿಕೊಟ್ಟೆ.

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಿ ನಡೆದಾಗ ಅವಳನ್ನು ಕರೆದುಕೊಂಡು ಹೋದೆ. ಪಂದ್ಯ ಮುಗಿಸಿ ಬಂದ ಬೌಲರ್ ಒಬ್ಬನ ಮುಂದೆ ನಿಂತು, “ಅಣ್ಣ, ಒಂದು ಸೈನ್ ಹಾಕ್ರಿ, ಇವತ್ತು ನಿಮ್ಮ ಯಾರ್ಕರ್ ಚಲೋ ಬಿತ್ತು” ಅಂದಳು. ಯಾವ ಕಂಪನಿಯೂ ಕಾರ್ಡು ಮಾಡದ ಹುಡುಗ ಅವನು. ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, ಸಹಿ ಹಾಕಿ, ಕೆಳಗೆ ತನ್ನ ಊರಿನ ಹೆಸರನ್ನೂ ಬರೆದುಕೊಟ್ಟ. ಅವತ್ತು ಆ ಹುಡುಗನಿಗೂ ಒಂದು ಉಡುಗೊರೆ ಸಿಕ್ಕಿತು.

ಕೂಡಿಡುವ ಮಗುವಿಗೆ ದುಡ್ಡು ಕೊಟ್ಟು ಸಂಗ್ರಹವನ್ನು ತುಂಬಿಸಿಕೊಟ್ಟರೆ ಅದರ ಅರ್ಧ ಸುಖವನ್ನು ನಾವೇ ಕಿತ್ತುಕೊಂಡಂತೆ. ಒಂದು ಅಸಲಿ ಸಹಿ ಕೊಂಡುಕೊಡಿ, ಬೇಡ ಅನ್ನುವುದಿಲ್ಲ. ಆದರೆ ಅದರ ಜೊತೆಗೆ ಒಂದು ಮಾರ್ಕರು, ಒಂದಿಷ್ಟು ಖಾಲಿ ಕಾರ್ಡು, ಮೈದಾನಕ್ಕೆ ಕರೆದೊಯ್ಯುವ ನಿಮ್ಮ ಒಂದು ಸಂಜೆಯನ್ನೂ ಸೇರಿಸಿ ಕೊಡಿ.