ನಾಲ್ಕು ಹೆಜ್ಜೆಯ ದಾರಿ

ಮುಪ್ಪಿನಲ್ಲಿ ಬೀಳುವುದಕ್ಕೆ ಬೆಟ್ಟವೇರಬೇಕಾಗಿಲ್ಲ; ಮಂಚದಿಂದ ಬಚ್ಚಲಿಗಿರುವ ನಾಲ್ಕು ಹೆಜ್ಜೆಯ ದಾರಿಯೇ ಸಾಕು. 1962ರ ಜೂನ್ ತಿಂಗಳಲ್ಲಿ ವಿನ್‌ಸ್ಟನ್ ಚರ್ಚಿಲ್ಲರು ಬಿದ್ದದ್ದು ಮಾಂಟೆ ಕಾರ್ಲೋದ ಹೋಟೆಲಿನಲ್ಲಿ, ತಾವು ಮಲಗುತ್ತಿದ್ದ ಕೋಣೆಯಲ್ಲಿಯೇ. ಎರಡು ಮಹಾಯುದ್ಧಗಳನ್ನು ದಾಟಿಬಂದ ಆ ಮುತ್ಸದ್ದಿಗೆ ಆಗ 87 ವರ್ಷ. ತೊಡೆಯ ಮೂಳೆ ಸೊಂಟದ ಕೀಲಿನ ಬಳಿ ಮುರಿದಿತ್ತು. ವಿಮಾನದಲ್ಲಿ ಲಂಡನ್ನಿಗೆ ಕರೆತಂದು ಶಸ್ತ್ರಚಿಕಿತ್ಸೆ ಮಾಡಿದರು. ಆಸ್ಪತ್ರೆಯಿಂದ ಮನೆಗೆ ಮರಳಿದಾಗ ಆಗಸ್ಟ್ ಬಂದಿತ್ತು.

ಅವರು ಉಳಿದರು, 1965ರ ಜನವರಿಯವರೆಗೆ, ತೊಂಬತ್ತು ತುಂಬುವವರೆಗೆ ಬಾಳಿದರು. ಆದರೆ ಪಾರ್ಲಿಮೆಂಟಿಗೆ ಬರುತ್ತಿದ್ದುದು ಗಾಲಿಕುರ್ಚಿಯಲ್ಲಿ. ಉಳಿಯುವುದು ಬೇರೆ, ನಡೆಯುವುದು ಬೇರೆ.

ಇಂದಿಗೂ ಹೀಗೆ ಸೊಂಟ ಮುರಿದುಕೊಂಡ ವೃದ್ಧರಲ್ಲಿ ಸುಮಾರು ನಾಲ್ಕೈದು ಮಂದಿಗೊಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೊದಲಿನಂತೆ ನಡೆಯಲಾರರು. ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ಮುರಿದ ಮೂಳೆಯಲ್ಲ, ಹಾಸಿಗೆ. ಮಲಗಿದಲ್ಲಿಯೇ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ತೊಡೆಯ ಮಾಂಸಖಂಡ ದಿನದಿನಕ್ಕೆ ಕರಗುತ್ತದೆ. ಆದುದರಿಂದಲೇ ವೈದ್ಯರು ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮುಗಿಸಿ, ಸಾಧ್ಯವಾದರೆ ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸಲು ನೋಡುತ್ತಾರೆ.

ಮನೆಯವರಿಗೆ ಇದು ನಿರ್ದಯವೆನಿಸುತ್ತದೆ. ‘ಈ ವಯಸ್ಸಿನಲ್ಲಿ ಕೊಯ್ಯಿಸುವುದೇಕೆ?’ ಎಂದವರೇ ‘ಏಳಬೇಡಮ್ಮ, ಊಟ ಇಲ್ಲಿಗೇ ತರುತ್ತೇವೆ’ ಎಂದೂ ಅಕ್ಕರೆ ತೋರುತ್ತಾರೆ. ಅಕ್ಕರೆಯೇನೋ ನಿಜವೇ, ಮಲಗಿಸಿಬಿಡುವುದೂ ಅದೇ. ಅಜ್ಜಿಯಾದರೋ ಮಾತನಾಡದೆ, ಹಾಸಿಗೆಯಿಂದ ಅಡುಗೆಮನೆಯ ಹೊಸಿಲಿಗೆ ಎಷ್ಟು ಹೆಜ್ಜೆಯೆಂದು ಮನಸ್ಸಿನಲ್ಲಿಯೇ ಎಣಿಸುತ್ತಿರುತ್ತಾಳೆ.