ಮುಳ್ಳಯ್ಯನಗಿರಿ ಮತ್ತು ನಮ್ಮನೆಯ ನೀರು

ಸಹೋದರಿಯರೇ, ಮೈಸೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಎಲ್ಲಿಂದ ಹೊರಟಿತೆಂದು ಕೇಳಿದರೆ ತಲಕಾವೇರಿ ಎನ್ನುತ್ತೀರಿ. ಉತ್ತರ ಅಲ್ಲಿಗೇ ಮುಗಿಯುವುದಿಲ್ಲ. ಅದರ ಒಂದು ಪಾಲು ಚಿಕ್ಕಮಗಳೂರಿನ ಬೆಟ್ಟಗಳಿಂದ ಬರುತ್ತದೆ.

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇರುವುದು ಅಲ್ಲಿಯೇ. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 1,930 ಮೀಟರ್. ನಮ್ಮ ಚಾಮುಂಡಿ ಬೆಟ್ಟ ಸಾವಿರ ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲೂ ಮೈಸೂರು ನಗರವೇ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮ ಕಣ್ಣಿಗೆ ಕಾಣುವ ಬೆಟ್ಟ 300 ಮೀಟರ್ ಮಾತ್ರ!

ಮುಳ್ಳಯ್ಯನಗಿರಿಯ ಬೆಟ್ಟಸಾಲು ಎಳೆಯ ಚಂದ್ರನಂತೆ ಬಾಗಿದೆ. ಅದಕ್ಕೇ ಚಂದ್ರದ್ರೋಣ ಎಂಬ ಹೆಸರು. ಬಾಬಾ ಬುಡನ್‌ಗಿರಿ ಎಂಬುದು ಇನ್ನೊಂದು ಹೆಸರು. 17ನೇ ಶತಮಾನದಲ್ಲಿ ಬಾಬಾ ಬುಡನ್ ಹಜ್ಜ್‌ನಿಂದ ಮರಳುವಾಗ ಯೆಮನ್‌ನ ಮೊಖಾ ಬಂದರಿನಿಂದ ಏಳು ಕಾಫಿ ಬೀಜ ತಂದು ಇಲ್ಲಿ ನೆಟ್ಟರೆಂಬ ಪ್ರತೀತಿಯನ್ನು ನೀವು ಕೇಳಿರಬಹುದು. ಕಾಫಿಯ ಕಥೆ ಎಲ್ಲರಿಗೂ ಗೊತ್ತು, ನೀರಿನ ಕಥೆ ಹೇಳುವವರು ಕಡಿಮೆ.

ಈ ಸಾಲಿನಲ್ಲಿ ಹುಟ್ಟುವ ಯಗಚಿ ನದಿ ಬೇಲೂರಿನ ಮೇಲೆ ಹರಿದು ಗೊರೂರಿನ ಬಳಿ ಹೇಮಾವತಿಯನ್ನು ಸೇರುತ್ತದೆ. ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಕೂಡುತ್ತದೆ. ಅಲ್ಲಿಂದ ನಮ್ಮ ಮನೆಗೆ. ನೀವು ವುಝೂ ಮಾಡುವ ನೀರಿನಲ್ಲಿ ಆ ಬೆಟ್ಟದ ಮಳೆಹನಿಯೂ ಇದ್ದೀತು. ಇದೇ ಬೆಟ್ಟದ ಇನ್ನೊಂದು ಮಗ್ಗುಲಿಗೆ ಬಿದ್ದ ಹನಿಯ ದಾರಿಯೇ ಬೇರೆ. ಅದು ವೇದಾವತಿಯಾಗಿ ಒಣ ಸೀಮೆಯಾದ ಹಿರಿಯೂರಿನತ್ತ ಹೋಗುತ್ತದೆ, ಇಲ್ಲವೇ ಭದ್ರೆಗೆ ಇಳಿಯುತ್ತದೆ. ಎರಡೂ ಕೊನೆಗೆ ಸೇರುವುದು ಕೃಷ್ಣಾ ನದಿಯನ್ನು.

ಮಳೆ ನಿಂತ ಮೇಲೂ ತೊರೆಗಳು ಹರಿಯುವುದು ಹೇಗೆ? ತುದಿಯಲ್ಲಿ ದೊಡ್ಡ ಮರಗಳಿಲ್ಲ, ಬರೀ ಹುಲ್ಲು. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ ಕಾಡು. ಹುಲ್ಲಿನ ಬೇರು ಮತ್ತು ಪಾಚಿ ಮಳೆಯನ್ನೂ ಮಂಜನ್ನೂ ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ನೋಡಿದವರಿಗೆ ಅದು ಬೋಳು ಗುಡ್ಡ. ಫೋಟೋಗಾಗಿ ದಾರಿ ಬಿಟ್ಟು ಹುಲ್ಲು ತುಳಿದರೆ ಮಣ್ಣು ಸಡಿಲವಾಗಿ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಬಿರಿಯಾನಿ ಡಬ್ಬಿ ಎಸೆದು ಬರುವ ಕುಟುಂಬಗಳಲ್ಲಿ ನಮ್ಮವರೂ ಇದ್ದಾರೆ, ಮುಚ್ಚಿಡುವುದೇಕೆ?

2025ರ ಸೆಪ್ಟೆಂಬರ್‌ನಲ್ಲಿ ಜಿಲ್ಲಾಡಳಿತ ಇಲ್ಲಿಗೆ ಬರುವ ವಾಹನಗಳಿಗೆ ಮಿತಿ ಹಾಕಿ, ಮುಂಗಡ ಆನ್‌ಲೈನ್ ಬುಕಿಂಗ್ ಜಾರಿಗೆ ತಂದಿತು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಮೈಸೂರಿಗಿಂತ ಅಲ್ಲಿ ಏಳೆಂಟು ಡಿಗ್ರಿ ಚಳಿ ಹೆಚ್ಚು. ಮಕ್ಕಳಿಗೆ ಸ್ವೆಟರ್ ಇರಲಿ. ಗಾಳಿ ಜೋರು, ದುಪಟ್ಟಾಕ್ಕೆ ಎರಡು ಪಿನ್ ಹೆಚ್ಚೇ ಹಾಕಿಕೊಳ್ಳಿ. ಕಸ ವಾಪಸ್ ತರಲು ಒಂದು ಖಾಲಿ ಚೀಲವನ್ನೂ ಮರೆಯಬೇಡಿ.