ಅಬ್ಬನ ಹೆಬ್ಬೆರಳು ಕಲಿಸಿದ ಲೆಕ್ಕ

ನಮ್ಮ ಅಬ್ಬ ದರ್ಜಿ. ದಾವಣಗೆರೆಯ ಒಂದು ಓಣಿಯಲ್ಲಿ ಅವರದು ಎಂಟು ಅಡಿ ಅಗಲದ ಅಂಗಡಿ. ಎರಡು ಹೊಲಿಗೆ ಮಿಷನ್, ಬಟ್ಟೆ ಕತ್ತರಿಸುವ ಒಂದು ಮೇಜು, ಗೋಡೆಗೆ ತೂಗುಹಾಕಿದ ಜುಬ್ಬಾಗಳು. ವರ್ಷದ ಹನ್ನೊಂದು ತಿಂಗಳು ಮನೆ ಹೇಗೋ ನಡೆಯುತ್ತದೆ. ನನ್ನ ಕಾಲೇಜು ಫೀಸು, ತಮ್ಮನ ಶಾಲೆ, ಬಾಕಿ ಉಳಿದ ಅಂಗಡಿ ಬಾಡಿಗೆ, ಎಲ್ಲವೂ ತೀರಬೇಕಾದದ್ದು ರಂಜಾನ್ ತಿಂಗಳ ಹೊಲಿಗೆಯಿಂದ. ಅಂಗಡಿಯ ಆರ್ಡರ್ ಮತ್ತು ದಿನದ ಖರ್ಚು ಬರೆದಿಡುವ ಕೆಲಸ ನನ್ನದು. ನಾನು ಕಾಮರ್ಸ್ ತೆಗೆದುಕೊಂಡೆ ಎಂಬ ಕಾರಣಕ್ಕೆ ಅಬ್ಬ ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

ಕಳೆದ ರಂಜಾನಿನ 19ನೇ ರೋಜಾ ಮುಗಿದ ರಾತ್ರಿ. ಸಹರಿಗೆ ಇನ್ನೂ ಎರಡು ಗಂಟೆ ಇತ್ತು. ಅಬ್ಬ ನರಳುವ ಸದ್ದು ಕೇಳಿ ಎದ್ದೆ. ಬಲಗಾಲಿನ ಹೆಬ್ಬೆರಳ ಬುಡ ಟೊಮೆಟೊ ಹಣ್ಣಿನಂತೆ ಕೆಂಪಾಗಿ ಊದಿಕೊಂಡಿತ್ತು. ನಾನು ಹತ್ತಿರ ಹೋದಾಗ ಅವರು ಹೇಳಿದ್ದು ಒಂದೇ ಮಾತು: "ಬೇಟಿ, ಚಾದರ್ ಹಟಾ." ಹತ್ತಿಯ ತೆಳು ಹೊದಿಕೆಯೂ ಆ ಬೆರಳಿಗೆ ಭಾರವಾಗಿತ್ತು.

ಅಬ್ಬ ಮಿಷನ್ ತುಳಿಯುವುದು ಬಲಗಾಲಿನಲ್ಲೇ. ನನ್ನ ಪುಸ್ತಕದಲ್ಲಿ ಈದ್‌ಗೆ ಕೊಡಬೇಕಾದ 63 ಜೋಡಿ ಬಟ್ಟೆಗಳು ಬಾಕಿ ಇದ್ದವು.

ಇದು ಅವರಿಗೆ ಮೊದಲ ಸಲ ಬಂದ ನೋವಲ್ಲ. ಎರಡು ವರ್ಷ ಹಿಂದೆ ಹೀಗೇ ಆದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಇದು ಗೌಟ್, ಯೂರಿಕ್ ಆಮ್ಲ ಹೆಚ್ಚಾಗಿದೆ" ಎಂದು ಹೇಳಿ ದಿನಾ ತೆಗೆದುಕೊಳ್ಳಲು ಒಂದು ಮಾತ್ರೆ ಬರೆದುಕೊಟ್ಟಿದ್ದರು. ನಾಲ್ಕು ತಿಂಗಳು ನೋವು ಬರಲಿಲ್ಲ. ನೋವಿಲ್ಲದ ಮೇಲೆ ಮಾತ್ರೆ ಯಾಕೆ ಎಂದು ಅಬ್ಬ ನಿಲ್ಲಿಸಿಬಿಟ್ಟರು.

ನಿಲ್ಲಿಸಲು ಇನ್ನೊಂದು ಕಾರಣವೂ ಇತ್ತು. ಅದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅಬ್ಬ ಕುಂಟುತ್ತಿದ್ದುದನ್ನು ಕಂಡ ಗಿರಾಕಿಯೊಬ್ಬರು, "ಏನ್ ಭಾಯ್, ಕದ್ದುಮುಚ್ಚಿ ತಗೊಳ್ತೀರಾ? ಅದು ಕುಡಿಯೋರಿಗೆ ಬರೋ ಕಾಯಿಲೆ" ಎಂದು ನಕ್ಕರಂತೆ. ಜೀವನದಲ್ಲಿ ಒಂದು ಹನಿ ಮುಟ್ಟದ ಅಬ್ಬ ಅಂದಿನಿಂದ ಕೇಳಿದವರಿಗೆಲ್ಲ "ಕಾಲು ಉಳುಕಿದೆ" ಎನ್ನತೊಡಗಿದರು. ಡಾಕ್ಟರ ಚೀಟಿಯನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟರು. ನೋವು ಬಂದಾಗಲೆಲ್ಲ ನನ್ನನ್ನು ಮೆಡಿಕಲ್ ಶಾಪಿಗೆ ಕಳಿಸುತ್ತಿದ್ದರು. ನಾನು ಚೀಟಿಯಿಲ್ಲದೆಯೇ ನೋವಿನ ಮಾತ್ರೆಯ ಸ್ಟ್ರಿಪ್ ತಂದುಕೊಡುತ್ತಿದ್ದೆ. ಅಬ್ಬನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಬೆಳಿಗ್ಗೆ ಚಾಚಾ ಆಟೋ ತಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋದೆ. ರಕ್ತದ ವರದಿ ಬಂತು. ಯೂರಿಕ್ ಆಮ್ಲ 9.4. ಡಾಕ್ಟರು ಬೆರಳಿಟ್ಟದ್ದು ಮಾತ್ರ ಅದರ ಕೆಳಗಿನ ಸಾಲಿನ ಮೇಲೆ. ಕ್ರಿಯಾಟಿನಿನ್ 1.7. "ಕಿಡ್ನಿಗೆ ಪೆಟ್ಟು ಬಿದ್ದ ಹಾಗಿದೆ. ನೋವಿನ ಮಾತ್ರೆ ಎಷ್ಟು ತಗೊಳ್ತಿದ್ರಿ?" ಎಂದು ಕೇಳಿದರು.

"ಯಾವಾಗಲಾದರೂ ಒಂದೊಂದು, ಡಾಕ್ಟ್ರೇ" ಎಂದರು ಅಬ್ಬ.

ನನ್ನ ಬ್ಯಾಗಿನಲ್ಲಿ ಅಂಗಡಿಯ ಪುಸ್ತಕ ಇತ್ತು. ಖರ್ಚಿನ ಪುಟಗಳಲ್ಲಿ "ಮೆಡಿಕಲ್" ಎಂದು ನಾನೇ ಬರೆದ ಸಾಲುಗಳಿದ್ದವು. ಅಲ್ಲೇ ಕುಳಿತು ಎಣಿಸಿದೆ. 14 ತಿಂಗಳಲ್ಲಿ 31 ಸಲ. ಪ್ರತಿ ಸಲ ಹತ್ತು ಮಾತ್ರೆಯ ಒಂದು ಸ್ಟ್ರಿಪ್. ಅಬ್ಬನ ಮುಖ ನೋಡದೆ ಡಾಕ್ಟರಿಗೆ ಹೇಳಿದೆ: "ಸರ್, 310." ದೊಡ್ಡವರ ಮಾತನ್ನು ಎಲ್ಲರೆದುರು ಅಲ್ಲಗಳೆಯುವುದು ನಮ್ಮ ಮನೆಯ ರೀತಿಯಲ್ಲ. ಅಬ್ಬ ತಲೆ ತಗ್ಗಿಸಿದರು. ಆ ಮಾತ್ರೆಗಳನ್ನೆಲ್ಲ ತಂದವಳು ನಾನೇ. ಹಾಗಾಗಿ ನಾನೂ ತಲೆ ತಗ್ಗಿಸಿದೆ.

ಡಾಕ್ಟರು ಬೈಯಲಿಲ್ಲ. ನಾನು ಕಾಮರ್ಸ್ ಓದುತ್ತಿದ್ದೇನೆ ಎಂದು ತಿಳಿದು, "ಹಾಗಾದರೆ ನಿನಗೆ ಬೇಗ ಅರ್ಥವಾಗುತ್ತೆ" ಎಂದು ಒಂದು ಹಾಳೆಯ ಮೇಲೆ ಜಮಾ, ಖರ್ಚು ಎಂದು ಎರಡು ಕಾಲಂ ಹಾಕಿದರು. ಅವರು ಹೇಳಿದ್ದನ್ನೂ, ಆಮೇಲೆ ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ಬಳಿ ಕೇಳಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜೀವಕೋಶಗಳಲ್ಲಿಯೂ ನಾವು ತಿನ್ನುವ ಆಹಾರದಲ್ಲಿಯೂ ಪ್ಯೂರಿನ್ ಎಂಬ ವಸ್ತು ಇದೆ. ಅದು ಒಡೆದಾಗ ಯೂರಿಕ್ ಆಮ್ಲ ಆಗುತ್ತದೆ. ಇದು ಜಮಾ ಬದಿ. ಇದರಲ್ಲಿ ಸುಮಾರು ಮೂರನೇ ಎರಡು ಪಾಲು ದೇಹದಲ್ಲೇ ಹುಟ್ಟುವುದು, ಮೂರನೇ ಒಂದು ಪಾಲು ಮಾತ್ರ ಊಟದಿಂದ ಬರುವುದು. ಖರ್ಚಿನ ಬದಿಯಲ್ಲಿ ಮೂರನೇ ಎರಡು ಪಾಲನ್ನು ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ, ಉಳಿದದ್ದು ಕರುಳಿನ ಮೂಲಕ ಹೋಗುತ್ತದೆ. ಹೆಚ್ಚಿನ ಪ್ರಾಣಿಗಳಲ್ಲಿ ಯೂರಿಕ್ ಆಮ್ಲವನ್ನು ಕರಗಿಸುವ ಒಂದು ಕಿಣ್ವ ಇದೆ, ಮನುಷ್ಯರಲ್ಲಿ ಇಲ್ಲ. ಆದ್ದರಿಂದ ಖರ್ಚು ಕಡಿಮೆಯಾದರೆ ಶಿಲ್ಕು ಬೆಳೆಯುತ್ತಾ ಹೋಗುತ್ತದೆ.

ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದ ಮೇಲೆ ಯೂರಿಕ್ ಆಮ್ಲ ಪೂರ್ತಿ ಕರಗಿರಲಾರದು. ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರುತ್ತದೆ. ದೇಹದ ತುದಿಯಲ್ಲಿರುವ ಪಾದ ಉಳಿದ ಭಾಗಕ್ಕಿಂತ ತಂಪು. ಹಾಗಾಗಿ ಹೆಬ್ಬೆರಳೇ ಅದರ ಮೊದಲ ಮನೆ. ಹರಳನ್ನು ಕಂಡು ರಕ್ತದ ಬಿಳಿ ಕಣಗಳು ಮೇಲೆ ಬೀಳುತ್ತವೆ. ಊತ, ಕೆಂಪು, ಉರಿ ಎಲ್ಲ ಆ ಯುದ್ಧದ್ದು. ಏಳೆಂಟು ದಿನಕ್ಕೆ ಯುದ್ಧ ನಿಲ್ಲುತ್ತದೆ, ಹರಳು ಮಾತ್ರ ಅಲ್ಲೇ ಇರುತ್ತದೆ. ನೋವು ಹೋಯಿತು ಎಂದರೆ ಕಾಯಿಲೆ ಹೋಯಿತು ಎಂದಲ್ಲ. ನಮ್ಮ ಮನೆ ಎಡವಿದ್ದು ಇಲ್ಲೇ.

"ಕುಡಿಯದವರಿಗೂ ಬರುತ್ತಾ ಸರ್?" ಎಂದು ಚಾಚಾ ಮೆಲ್ಲಗೆ ಕೇಳಿದರು. ಬರುತ್ತದೆ ಎಂದರು ಡಾಕ್ಟರು. ಬಿಯರ್ ಮತ್ತು ಮದ್ಯದಿಂದ ಗೌಟ್ ಹೆಚ್ಚುವುದು ನಿಜ. ಆದರೆ ಬಹುತೇಕ ರೋಗಿಗಳಲ್ಲಿ ಮೂಲ ತೊಂದರೆ ಇರುವುದು ಕಿಡ್ನಿ ಸಾಕಷ್ಟು ಹೊರಹಾಕದಿರುವುದರಲ್ಲಿ, ಅದು ಹೆಚ್ಚಾಗಿ ವಂಶದಿಂದಲೇ ಬರುತ್ತದೆ. ಅಬ್ಬ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಸೇರಿತ್ತು. ಅದೂ ಯೂರಿಕ್ ಆಮ್ಲವನ್ನು ಏರಿಸುತ್ತದೆ. ಅದನ್ನು ಬದಲಿಸಿ ಲೋಸಾರ್ಟಾನ್ ಬರೆದರು. ಇದು ಬಿಪಿಯ ಜೊತೆ ಯೂರಿಕ್ ಆಮ್ಲವನ್ನೂ ಸ್ವಲ್ಪ ಇಳಿಸುತ್ತದಂತೆ. ಆ ಉತ್ತರ ಕೇಳಿದಾಗ ಅಬ್ಬನ ಮುಖ ನೋಡಿದೆ. ಅರ್ಧ ನೋವು ಅಲ್ಲೇ ಇಳಿದಂತಿತ್ತು.

ಚಿಕಿತ್ಸೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಹತ್ತಿದ ಬೆಂಕಿ ಆರಿಸುವುದು. ಅದಕ್ಕೆ ನೋವು ಮತ್ತು ಊತದ ಮಾತ್ರೆ, ಕಾಲ್ಚಿಸಿನ್ ಅಥವಾ ಸ್ಟೆರಾಯ್ಡ್ ಕೊಡುತ್ತಾರೆ. ಅಬ್ಬನ ಕಿಡ್ನಿ ನೋಡಿ ಐದು ದಿನಕ್ಕೆ ಸ್ಟೆರಾಯ್ಡ್ ಕೊಟ್ಟರು. ಎರಡನೆಯದು, ಶಿಲ್ಕು ಇಳಿಸುವುದು. ಅದಕ್ಕೆ ಅಲೋಪ್ಯೂರಿನಾಲ್ ಎಂಬ ಮಾತ್ರೆ. ಪ್ಯೂರಿನ್ ಯೂರಿಕ್ ಆಮ್ಲವಾಗುವುದನ್ನೇ ಅದು ತಡೆಯುತ್ತದೆ. 100 ಮಿಲಿಗ್ರಾಂನಿಂದ ಶುರುಮಾಡಿ, ಪರೀಕ್ಷೆ ಮಾಡಿಸುತ್ತಾ, ಯೂರಿಕ್ ಆಮ್ಲ 6ಕ್ಕಿಂತ ಕೆಳಗೆ ಬರುವವರೆಗೆ ನಿಧಾನವಾಗಿ ಏರಿಸಬೇಕು. ಬಂದ ಮೇಲೂ ನಿಲ್ಲಿಸಬಾರದು. ಮೈಮೇಲೆ ದದ್ದು ಎದ್ದರೆ ಮಾತ್ರ ಕೂಡಲೇ ನಿಲ್ಲಿಸಿ ಡಾಕ್ಟರ ಬಳಿ ಓಡಬೇಕು. ಶುರುವಿನ ತಿಂಗಳುಗಳಲ್ಲಿ ಹಳೆಯ ಹರಳು ಕರಗುವಾಗ ಮತ್ತೆ ನೋವು ಬರಬಹುದು ಎಂದು ಮೊದಲೇ ಎಚ್ಚರಿಸಿದರು. ಅದನ್ನು ತಡೆಯಲು ಕಡಿಮೆ ಪ್ರಮಾಣದ ಕಾಲ್ಚಿಸಿನ್ ಕೊಟ್ಟರು. ಆದರೂ ಮೇ ತಿಂಗಳಲ್ಲಿ ಒಮ್ಮೆ ಬಂತು. ಈ ಸಲ ಅಬ್ಬ ಮಾತ್ರೆ ಬಿಡಲಿಲ್ಲ.

ಮನೆಗೆ ಬಂದು ಹೇಳಿದಾಗ ದಾದಿ, "ಇದು ನಿಕ್ರಿಸ್. ನಮ್ಮ ಕಾಲದಲ್ಲಿ ಹಕೀಮರು ಸೂರಂಜಾನ್ ಕೊಡುತ್ತಿದ್ದರು" ಎಂದರು. ಹುಡುಕಿ ನೋಡಿ ಆಶ್ಚರ್ಯಪಟ್ಟೆ. ಯುನಾನಿಯ ಸೂರಂಜಾನ್ ಕಾಲ್ಚಿಕಮ್ ಜಾತಿಯ ಗಿಡದ ಗಡ್ಡೆ. ಆ ಜಾತಿಯ ಗಿಡದಿಂದಲೇ 1820ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನ ವಿಜ್ಞಾನಿಗಳು ಕಾಲ್ಚಿಸಿನ್ ಅಂಶವನ್ನು ಬೇರ್ಪಡಿಸಿದರು. ದಾದಿಯ ಮಾತಿಗೂ ಡಾಕ್ಟರ ಚೀಟಿಗೂ ಬೇರು ಒಂದೇ. ಆದರೆ ಅದರ ಪ್ರಮಾಣ ಸ್ವಲ್ಪ ಹೆಚ್ಚಾದರೂ ವಿಷ. ಆದ್ದರಿಂದ ಸ್ವಂತ ಪ್ರಯೋಗ ಬೇಡ ಎಂದು ದಾದಿಗೂ ಹೇಳಿದೆ. ಆಯುರ್ವೇದದಲ್ಲಿ ಇದನ್ನೇ ಹೋಲುವ ವಾತರಕ್ತಕ್ಕೆ ಆಢ್ಯವಾತ ಎಂಬ ಹೆಸರೂ ಇದೆ. ಆಢ್ಯ ಎಂದರೆ ಶ್ರೀಮಂತ. ಇದನ್ನು ಕೇಳಿ ಅಬ್ಬ, "ಕಾಯಿಲೆ ಬಂತು, ಸಿರಿತನ ಎಲ್ಲಿ?" ಎಂದು ನಕ್ಕರು.

ಅಲೋಪ್ಯೂರಿನಾಲ್ ಕಂಡುಹಿಡಿದವರ ಕಥೆಯನ್ನು ನನ್ನ ಗೆಳತಿಯರಿಗೆ ಹೇಳಲೇಬೇಕು. ಅಮೆರಿಕದ ಗರ್ಟ್ರೂಡ್ ಎಲಿಯನ್ ವಲಸೆ ಬಂದವರ ಮಗಳು. 15ನೇ ವಯಸ್ಸಿನಲ್ಲಿ ಅಜ್ಜ ಕ್ಯಾನ್ಸರಿನಿಂದ ತೀರಿಕೊಂಡಾಗ ವಿಜ್ಞಾನ ಓದುವ ನಿರ್ಧಾರ ಮಾಡಿದರು. 1937ರಲ್ಲಿ ರಸಾಯನಶಾಸ್ತ್ರದ ಪದವಿ ಪಡೆದರೂ ಹೆಣ್ಣು ಎಂಬ ಕಾರಣಕ್ಕೆ ಪ್ರಯೋಗಾಲಯದ ಕೆಲಸ ಸುಲಭವಾಗಿ ಸಿಗಲಿಲ್ಲ. ಪಿಎಚ್‌ಡಿ ಮುಗಿಸಲಾಗಲಿಲ್ಲ. ಆದರೂ ಜಾರ್ಜ್ ಹಿಚಿಂಗ್ಸ್ ಅವರೊಂದಿಗೆ ಹಲವು ಔಷಧಿಗಳನ್ನು ರೂಪಿಸಿ 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಅಂದು ಅಜ್ಜನಿಗಾಗಿ ಅತ್ತ ಹುಡುಗಿಯ ಮಾತ್ರೆಯಿಂದ ಇಂದು ದಾವಣಗೆರೆಯ ಒಬ್ಬ ದರ್ಜಿ ಮಿಷನ್ ತುಳಿಯುತ್ತಿದ್ದಾರೆ.

ಇನ್ನು ಊಟದ ವಿಷಯ. ನೆರೆಹೊರೆಯವರ ಸಲಹೆ ಕೇಳಿ ಅಮ್ಮಿ ಮೊದಲು ಮಾಂಸ, ಬೇಳೆ, ಪಾಲಕ್, ಮೊಸರು ಎಲ್ಲವನ್ನೂ ನಿಲ್ಲಿಸಿಬಿಟ್ಟರು. ಅಬ್ಬ ಹದಿನೈದು ದಿನ ಅನ್ನ, ತಿಳಿಸಾರು ತಿಂದು ಸೊರಗಿದರು. ಡಾಕ್ಟರು ಕೇಳಿ ನಕ್ಕರು. ಬೇಳೆ, ಪಾಲಕ್‌ನಲ್ಲಿ ಪ್ಯೂರಿನ್ ಇದ್ದರೂ ಅವುಗಳಿಂದ ಗೌಟ್ ಹೆಚ್ಚುವುದು ಕಂಡುಬಂದಿಲ್ಲ. ಹಾಲು, ಮೊಸರು ಒಳ್ಳೆಯದೇ, ಕೆನೆ ತೆಗೆದದ್ದಾದರೆ ಇನ್ನೂ ಒಳ್ಳೆಯದು. ಮೊಟ್ಟೆ, ರಾಗಿ, ಜೋಳ, ತರಕಾರಿ ಎಲ್ಲ ತಿನ್ನಬಹುದು. ಬಿಡಬೇಕಾದದ್ದು ಕಲೇಜಿ, ಗುರ್ದಾ, ಭೇಜಾ ಮತ್ತು ಬೂತಾಯಿಯಂಥ ಮೀನು. ಮಾಂಸ ಬೇಯಿಸಿದ ನೀರಿಗೂ ಪ್ಯೂರಿನ್ ಇಳಿಯುವುದರಿಂದ ಗಟ್ಟಿ ಶೋರ್ಬಾ ಬೇಡ. ಮಟನ್, ಚಿಕನ್ ವಾರಕ್ಕೆ ಒಂದೆರಡು ಸಲ, ಎರಡು ಮೂರು ತುಂಡು.

ನಮಗೆ ಗೊತ್ತೇ ಇಲ್ಲದ ಶತ್ರು ಸಕ್ಕರೆ. ಸಕ್ಕರೆಯಲ್ಲಿರುವ ಫ್ರಕ್ಟೋಸ್ ದೇಹದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಅಬ್ಬ ಅಂಗಡಿಯಲ್ಲಿ ದಿನಕ್ಕೆ ಆರು ಸಿಹಿ ಚಹಾ, ಗಿರಾಕಿ ಬಂದರೆ ಕೂಲ್‌ಡ್ರಿಂಕ್ಸ್, ಇಫ್ತಾರಿನಲ್ಲಿ ಮೂರು ಲೋಟ ಶರಬತ್ತು ಕುಡಿಯುತ್ತಿದ್ದರು. ಹಗಲೆಲ್ಲ ನೀರಿಲ್ಲದ ದೇಹಕ್ಕೆ ಸಂಜೆ ಇಷ್ಟು ಸಕ್ಕರೆ, ಮೇಲೆ ಹಲೀಮ್. 19ನೇ ರೋಜಾದ ರಾತ್ರಿ ಸುಮ್ಮನೆ ಬಂದದ್ದಲ್ಲ.

ಒಂದು ಮಾತು ನೆನಪಿರಲಿ. ಎಷ್ಟೇ ಕಟ್ಟುನಿಟ್ಟಿನ ಪಥ್ಯ ಮಾಡಿದರೂ ಯೂರಿಕ್ ಆಮ್ಲ ಇಳಿಯುವುದು ಸುಮಾರು 1 ಮಿಲಿಗ್ರಾಂ. 9.4 ಇದ್ದವರು ಊಟದಿಂದಲೇ 6ಕ್ಕೆ ಬರಲಾರರು. ಪಥ್ಯ ಮಾತ್ರೆಗೆ ಜೊತೆಗಾರ, ಬದಲಿ ಅಲ್ಲ.

ಆ ರಂಜಾನಿನಲ್ಲಿ ಅಬ್ಬ ಉಳಿದ ರೋಜಾ ಬಿಡಬೇಕಾಯಿತು. ಅದು ಅವರಿಗೆ ಬೆರಳಿನ ನೋವಿಗಿಂತ ದೊಡ್ಡ ನೋವು. ಕಾಯಿಲೆಯವರಿಗೆ ರಿಯಾಯಿತಿ ಇದೆ, ಆಮೇಲೆ ಪೂರೈಸಬಹುದು ಎಂದು ಮಸೀದಿಯ ಹಜ್ರತ್ ಬಂದು ಸಮಾಧಾನ ಹೇಳಿದರು. 63 ಜೋಡಿಯಲ್ಲಿ 22 ಜೋಡಿಯನ್ನು ಪಕ್ಕದ ಅಂಗಡಿಯವರಿಗೆ ಕೊಟ್ಟೆವು. ಉಳಿದದ್ದನ್ನು ಚಾಚಾ ಹೊಲಿದರು, ಕಾಜಾ ಗುಂಡಿ ನಾನು ಮತ್ತು ಅಮ್ಮಿ ಹಾಕಿದೆವು. ಆ ಈದ್‌ಗೆ ನಮಗೆ ಹೊಸ ಬಟ್ಟೆ ಇರಲಿಲ್ಲ.

ಬಕ್ರೀದ್ ದಿನ ಬೆಳಿಗ್ಗೆ ಅಮ್ಮಿ ಕಲೇಜಿ ಹುರಿದಾಗ ಅಬ್ಬ ತಟ್ಟೆಯನ್ನು ತಮ್ಮನ ಕಡೆಗೆ ಸರಿಸಿ, ಎರಡು ತುಂಡು ಮಟನ್, ಒಂದು ಲೋಟ ಮಜ್ಜಿಗೆ ತೆಗೆದುಕೊಂಡರು. ಯಾರೂ ಏನೂ ಹೇಳಲಿಲ್ಲ. ಡಿಸೆಂಬರಿನ ಚಳಿಯಲ್ಲಿ, ಡಾಕ್ಟರನ್ನು ಕೇಳಿ, ಬಿಟ್ಟ ರೋಜಾಗಳನ್ನು ಒಂದೊಂದಾಗಿ ಪೂರೈಸಿದರು. ಮಾತ್ರೆ ದಿನಕ್ಕೆ ಒಂದೇ ಸಲ ಆದ್ದರಿಂದ ಇಫ್ತಾರಿನ ನಂತರ ತೆಗೆದುಕೊಂಡರೆ ಸಾಕಾಗಿತ್ತು. ಸಹರಿಯವರೆಗೆ ಆಗಾಗ ನೀರು ಕುಡಿಸುವ ಕೆಲಸ ತಮ್ಮನದು.

ಈಗ ಪುಸ್ತಕದ ಕೊನೆಯ ಪುಟದಲ್ಲಿ ನಾನು ಬೇರೆ ಕಾಲಂ ಹಾಕಿದ್ದೇನೆ. ಮಾರ್ಚ್ 9.4, ಜೂನ್ 7.5, ಸೆಪ್ಟೆಂಬರ್ 6.3, ಡಿಸೆಂಬರ್ 5.6. ಕ್ರಿಯಾಟಿನಿನ್ 1.7ರಿಂದ 1.4ಕ್ಕೆ ಬಂದಿದೆ. ಅದು ಪೂರ್ತಿ ಮೊದಲಿನಂತಾಗುತ್ತದೋ ಇಲ್ಲವೋ, ಡಾಕ್ಟರು ಮಾತು ಕೊಟ್ಟಿಲ್ಲ. ಆ 310 ಮಾತ್ರೆಗಳ ಲೆಕ್ಕ ನನ್ನ ಮನಸ್ಸಿನಲ್ಲಿ ಇನ್ನೂ ತೀರಿಲ್ಲ.

ಸ್ನೇಹಿತರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ಅಬ್ಬನೋ ನಾನಾನೋ ಸದ್ದಿಲ್ಲದೆ ನೋವಿನ ಮಾತ್ರೆ ನುಂಗುತ್ತಿರುತ್ತಾರೆ. ಅದನ್ನು ತರಲು ಹೋಗುವವರು ನಾವೇ. ಮುಂದಿನ ಸಲ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿ: "ಇದನ್ನು ಯಾರು ಬರೆದುಕೊಟ್ಟರು?" ಕೇಳುವುದು ಬೇಅದಬಿ ಅಲ್ಲ. ಮೊನ್ನೆ ಅಂಗಡಿಗೆ ಬಂದ ಒಬ್ಬರು ಕಾಲು ಎಳೆಯುತ್ತಿದ್ದರು. ಅಬ್ಬ ಮಿಷನ್ ನಿಲ್ಲಿಸಿ, ಚಪ್ಪಲಿ ಬಿಚ್ಚಿ, ತಮ್ಮ ಹೆಬ್ಬೆರಳು ತೋರಿಸಿ ಹೇಳಿದರು: "ನನಗೂ ಇದೆ ಭಾಯ್. ಇದರ ಹೆಸರು ಗೌಟ್. ನಾಚಿಕೆ ಪಡಬೇಡಿ, ರಕ್ತ ಪರೀಕ್ಷೆ ಮಾಡಿಸಿ."